ಹೃದಯದ ಕಿರಿದಾದ ಬಾಗಿಲು

ಇಪ್ಪತ್ತೈದು ವಯಸ್ಸಿನ ಹೆಣ್ಣುಮಗಳು ಮಹಡಿಯ ಮೆಟ್ಟಿಲೇರುತ್ತ ನಡುವೆ ನಿಂತು ಏದುಸಿರು ಬಿಟ್ಟರೆ, ಮನೆಯವರು ‘ರಕ್ತವಿಲ್ಲ, ನಿಶ್ಶಕ್ತಿ’ ಎಂದು ನಿರ್ಣಯಿಸಿ ಟಾನಿಕ್ಕಿನ ಸೀಸೆಯನ್ನು ತಂದಿಡುವುದು ವಾಡಿಕೆ. ಅನೇಕ ವೇಳೆ ಆ ನಿರ್ಣಯವು ಸರಿಯಾಗಿಯೂ ಇರಬಹುದು. ಆದರೆ ಕೆಲವರಲ್ಲಿ ದೋಷವಿರುವುದು ರಕ್ತದಲ್ಲಲ್ಲ, ರಕ್ತವು ಹಾದುಹೋಗತಕ್ಕ ಬಾಗಿಲಿನಲ್ಲಿ. ಆ ಬಾಗಿಲಿನ ವಿಚಾರವಾಗಿ ಶ್ರೋತೃಗಳೊಡನೆ ನಾಲ್ಕು ಮಾತುಗಳನ್ನಾಡಲೆಳಸುತ್ತೇವೆ.

ಹೃದಯದ ಎಡಭಾಗದ ಎರಡು ಕೋಣೆಗಳ ನಡುವೆ ಎರಡು ಎಸಳಿನ ಕವಾಟವೊಂದಿದೆ. ಕ್ರೈಸ್ತ ಗುರುಗಳ ಕಿರೀಟವನ್ನು ಹೋಲುವುದೆಂದು ಪಾಶ್ಚಾತ್ಯರು ಅದನ್ನು ಮೈಟ್ರಲ್ ಎಂದು ಕರೆದರು. ನಮ್ಮ ಕಣ್ಣಿಗೇನೋ ಅದು ಜೋಡಿಬಾಗಿಲು. ಪೂರ್ಣವಾಗಿ ತೆರೆದಾಗ ಅದರ ವಿಸ್ತಾರ 4ರಿಂದ 6 ಚದರ ಸೆಂಟಿಮೀಟರು. ಎಸಳುಗಳ ಅಂಚುಗಳು ಬೆಸೆದುಕೊಂಡು ಅದು 1.5 ಚದರ ಸೆಂಟಿಮೀಟರಿಗೆ ಇಳಿಯಿತೆಂದರೆ ರೋಗವು ತೀವ್ರವಾಯಿತೆಂದೇ ಎಣಿಕೆ. ಮುಂದೆ ಸಾಗಲಾರದ ರಕ್ತವು ತೂಬು ಕಟ್ಟಿದ ಕೆರೆಯ ನೀರಿನಂತೆ ಹಿಂದಕ್ಕೆ ಒತ್ತುವುದು, ಹಿಂದಿರುವುದು ಶ್ವಾಸಕೋಶ. ನಾಡಿಯ ವೇಗ ಹೆಚ್ಚಿದಷ್ಟೂ ಬಾಗಿಲು ತೆರೆದಿರುವ ಕಾಲವು ಕಡಮೆಯಾಗುವುದರಿಂದಲೇ ಮೆಟ್ಟಿಲೇರುವಾಗ ಉಸಿರು ಸಿಕ್ಕುವುದು.

ಇದರ ಮೂಲವು ಬಹುಮಟ್ಟಿಗೆ ಬಾಲ್ಯದ ಗಂಟಲುನೋವು. ಸ್ಟ್ರೆಪ್ಟೊಕಾಕಸ್ ಎಂಬ ಅಣುಜೀವಿಯಿಂದ ಗಂಟಲು ಬೆಂದ ಎರಡು ಮೂರು ವಾರಗಳ ಮೇಲೆ ಕೆಲವು ಮಕ್ಕಳಿಗೆ ಜ್ವರ ಬರುವುದು, ಕೀಲುಗಳು ಊದುವುವು. ಅಣುಜೀವಿಯ ಮೇಲೆ ಎದ್ದ ದೇಹದ ರಕ್ಷಣಾಬಲವು ತನ್ನದೇ ಕವಾಟಗಳನ್ನು ನೋಯಿಸುವುದು. ಕೀಲು ವಾಸಿಯಾಗುತ್ತದೆ, ಕವಾಟವು ವರ್ಷಗಟ್ಟಲೆ ಸದ್ದಿಲ್ಲದೆ ಕಿರಿದಾಗುತ್ತ ಹೋಗುತ್ತದೆ. ಒಮ್ಮೆ ಈ ಜ್ವರ ಬಂದವರು ಮೂರು ನಾಲ್ಕು ವಾರಗಳಿಗೊಮ್ಮೆ ಪೆನಿಸಿಲಿನ್ ಸೂಜಿಮದ್ದನ್ನು ಅನೇಕ ವರ್ಷ ತೆಗೆದುಕೊಳ್ಳಬೇಕು. ಗುಣವಾಯಿತಲ್ಲ ಎಂದು ಇದನ್ನು ಬಿಡುವವರೇ ಬಹಳ.

1925ರಲ್ಲಿ ಲಂಡನ್ನಿನ ಸೌಟರ್ ಎಂಬ ಶಸ್ತ್ರವೈದ್ಯರು ಬೆರಳನ್ನೇ ಹೃದಯದೊಳಗೆ ತೂರಿಸಿ ಕವಾಟವನ್ನು ಹಿಗ್ಗಿಸಿದರು. ರೋಗಿ ಬದುಕಿದಳು, ಆದರೂ ಇತರ ವೈದ್ಯರು ಅವರ ಬಳಿಗೆ ಮತ್ತೊಬ್ಬ ರೋಗಿಯನ್ನು ಕಳುಹಿಸಲಿಲ್ಲ! 1948ರಲ್ಲಿ ಅಮೆರಿಕದ ಬೇಲಿ, ಹಾರ್ಕೆನ್ ಮೊದಲಾದವರು ಆ ದಾರಿಯನ್ನು ಮತ್ತೆ ತೆರೆದರು. 1984ರಲ್ಲಿ ಜಪಾನಿನ ಇನೋವೆ ಪ್ರಕಟಿಸಿದ ವಿಧಾನದಲ್ಲಿ ಎದೆಯನ್ನು ಸೀಳಬೇಕಾದುದೇ ಇಲ್ಲ: ತೊಡೆಸಂದಿನ ರಕ್ತನಾಳದಿಂದ ಸಣ್ಣ ಬೆಲೂನನ್ನು ಒಯ್ದು ಕವಾಟದಲ್ಲಿ ಉಬ್ಬಿಸಿದರೆ ಬೆಸೆದ ಅಂಚುಗಳು ಬಿಡುವುವು. ಕವಾಟವು ಸುಣ್ಣಗಟ್ಟಿ ಗಡುಸಾಗಿದ್ದರೆ ಹೊಸದನ್ನು ಜೋಡಿಸುವುದೇ ಸರಿ.

ರೋಗಿಗಳು ಉಪ್ಪನ್ನು ಮಿತಗೊಳಿಸಬೇಕು. ನಾಡಿ ತಾಳತಪ್ಪಿ ಬಡಿದರೆ ತಡಮಾಡಲಾಗದು. ಹೃದಯದಲ್ಲಿ ಹೆಪ್ಪುಗಟ್ಟಿದ ರಕ್ತವು ಮಿದುಳಿಗೆ ಹರಿದು ಪಾರ್ಶ್ವವಾಯು ಬಡಿದೀತು.

ಇನ್ನು ಮದುವೆಯ ಮಾತು. ಸಂಬಂಧ ಕೂಡಿಬರುವಾಗ ಹುಡುಗಿಯ ಕಾಯಿಲೆಯನ್ನು ಮುಚ್ಚಿಡುವ ಮನೆಗಳನ್ನು ನಾವು ಬಲ್ಲೆವು. ಅತ್ತೆಯ ಮನೆಯಲ್ಲಿ ತಿಳಿದೀತೆಂದು ಸೂಜಿಮದ್ದು ನಿಲ್ಲುವುದು. ಗರ್ಭಕಾಲದಲ್ಲಿ ದೇಹದ ರಕ್ತವು ಸುಮಾರು ಶೇಕಡಾ 40ರಷ್ಟು ಹೆಚ್ಚುವುದು. ಬಾಗಿಲು ಮಾತ್ರ ಅಷ್ಟೇ. ಆರನೆಯ ತಿಂಗಳಲ್ಲಿ, ನಡುರಾತ್ರಿಯಲ್ಲಿ ಮಲಗಲಾರದೆ ಎದ್ದು ಕುಳಿತಾಗ ಗುಟ್ಟು ಹೊರಬೀಳುವುದು. ಆಗಲೂ ಬೆಲೂನಿನ ಚಿಕಿತ್ಸೆ ಸಾಧ್ಯವುಂಟು. ಆದರೆ ಗರ್ಭಕ್ಕೆ ಮುಂಚೆಯೇ ಎಕೋ ಪರೀಕ್ಷೆ ಮಾಡಿಸಿ, ಬೇಕಾದರೆ ಕವಾಟವನ್ನು ಹಿಗ್ಗಿಸಿಕೊಂಡವರಲ್ಲಿ ಬಹುಮಂದಿ ಸುಖವಾಗಿ ಹೆರುವರು. ಇದನ್ನು ಗಂಡನ ಮನೆಯವರಿಗೂ ತಿಳಿಯಹೇಳುವ ಹೊರೆಯನ್ನು ಹುಡುಗಿಯ ಮೇಲೆಯೇ ಬಿಡದೆ, ಹೆತ್ತವರೂ ವೈದ್ಯರೂ ವಹಿಸಿಕೊಳ್ಳಬೇಕು.