ಹಾಫ್‌ಬ್ಯಾಕ್ ಕೆಂಪಯ್ಯ

ಸಕಲೇಶಪುರ, ಆಲೂರಿನ ಗುಡ್ಡಗಳ ನಡುವೆ, ಮಳೆಗೆ ಕೆಸರಾದ ಬಯಲಿನಲ್ಲಿ ಚೆಂಡೊದೆಯುವ ಹುಡುಗರಲ್ಲಿ ಬಹುಮಂದಿಗೆ ಗೋಲು ಹೊಡೆಯುವ ಆಸೆ. ನಡುಸಾಲಿನಲ್ಲಿ ನಿಲ್ಲೆಂದರೆ ಮುಖ ಸಣ್ಣದಾಗುತ್ತದೆ. ಅಂಥವರಿಗೆ ಬೆಂಗಳೂರಿನ ಎಂ. ಕೆಂಪಯ್ಯನವರ ಮಾತು ಹೇಳಬೇಕು. ಎದುರಾಳಿಯ ಕಾಲಿನಿಂದ ಚೆಂಡು ಕಸಿದು, ಮುಂದಿನವರಿಗೆ ಒಪ್ಪಿಸಿ, ಮರುಗಳಿಗೆಗೇ ಹಿಂದಕ್ಕೋಡುವುದು ಹಾಫ್‌ಬ್ಯಾಕನ ಕೆಲಸ. ಚಪ್ಪಾಳೆ ಕಡಿಮೆ, ದಣಿವು ಹೆಚ್ಚು. ಈ ದುಡಿಮೆಯೇ ಅವರನ್ನು ಕಲ್ಕತ್ತೆಯ ಮೋಹನ್ ಬಾಗಾನಿಗೂ, ಎರಡು ಒಲಿಂಪಿಕ್ಸಿಗೂ ಕರೆದೊಯ್ದಿತು. 1956ರಲ್ಲಿ ಮೆಲ್ಬರ್ನಿನಲ್ಲಿ ಭಾರತ ಆಸ್ಟ್ರೇಲಿಯವನ್ನು 4–2ರಿಂದ ಸೋಲಿಸಿ, ಕಡೆಗೆ ನಾಲ್ಕನೆಯ ಸ್ಥಾನ ಪಡೆಯಿತು. ಅಂದು ಮೂರು ಗೋಲು ಹೊಡೆದ ನೆವಿಲ್ ಡಿಸೋಜರ ಹೆಸರು ಉಳಿಯಿತು, ಅದು ನ್ಯಾಯವೇ. 1960ರಲ್ಲಿ ರೋಮಿನಲ್ಲಿ ಫ್ರಾನ್ಸಿನೊಡನೆ 1–1ರ ಸಮ, ಗೋಲು ಪಿ. ಕೆ. ಬ್ಯಾನರ್ಜಿಯವರದು. ಎರಡೂ ಒಲಿಂಪಿಕ್ ತಂಡಗಳಲ್ಲಿ ಕೆಂಪಯ್ಯನವರಿದ್ದರು.