ಗುಡುಗು ಮೋಡ ಮೇಲಕ್ಕೆ ಒಯ್ಯುವುದೇನು?



ಮಳೆ ಬಂದರೆ ಗಾಳಿ ತೊಳೆದಂತೆ ಶುಭ್ರವಾಗುತ್ತದೆ ಎಂದು ನಾವೆಲ್ಲ ಹೇಳುತ್ತೇವೆ. ಮಾತು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಗುಡುಗು ಮೋಡ ಬರೀ ನೀರಿನ ಮೂಟೆಯಲ್ಲ, ಅದೊಂದು ಚಿಮಣಿಯೂ ಹೌದು. ನೆಲದ ಹತ್ತಿರದ ಬೆಚ್ಚನೆಯ, ತೇವದ ಗಾಳಿ ಅದರೊಳಗೆ ಸುಮಾರು ಒಂದು ಗಂಟೆಯಲ್ಲೇ 10ರಿಂದ 15 ಕಿ.ಮೀ. ಎತ್ತರಕ್ಕೆ ಏರಬಲ್ಲದು. ಗಾಳಿಯ ಜೊತೆ ಅದರಲ್ಲಿರುವ ಹೊಗೆ, ಅನಿಲಗಳೂ ಏರುತ್ತವೆ.

ಅಮೋನಿಯಾದ ಸಂಗತಿಯನ್ನೇ ನೋಡಿ. ದನದ ಕೊಟ್ಟಿಗೆಯಲ್ಲಿ ಮೂಗಿಗೆ ಬಡಿಯುವ ಅನಿಲ ಅದು. ಯೂರಿಯಾ ಹಾಕಿದ ಹೊಲದಿಂದಲೂ ಹೊರಡುತ್ತದೆ. ನೀರಿನಲ್ಲಿ ಬಹಳ ಸುಲಭವಾಗಿ ಕರಗುವುದರಿಂದ ಮಳೆಹನಿಗಳೇ ಅದನ್ನು ಕೆಳಗಿಳಿಸಬೇಕಿತ್ತು. ಆದರೆ 2017ರ ಜುಲೈ-ಆಗಸ್ಟ್ ತಿಂಗಳಲ್ಲಿ ಯುರೋಪಿನ ವಿಜ್ಞಾನಿಗಳು ಕಠ್ಮಂಡುವಿನಿಂದ 'ಜಿಯೋಫಿಸಿಕಾ' ಎಂಬ ಎತ್ತರದ ವಿಮಾನವನ್ನು ಹಾರಿಸಿದಾಗ, ಮುಂಗಾರು ಮೋಡಗಳ ನೆತ್ತಿಯ ಎತ್ತರದಲ್ಲಿ ಅಮೋನಿಯಾ ಸಿಕ್ಕಿತು! ಗಾಳಿ ಬಂದ ದಾರಿಯನ್ನು ಹಿಂದಕ್ಕೆ ಲೆಕ್ಕ ಹಾಕಿದರೆ ಅದು ಉತ್ತರ ಭಾರತ, ಪಾಕಿಸ್ತಾನದ ನೆಲವನ್ನು ಮುಟ್ಟುತ್ತಿತ್ತು. ಮೋಡದ ಹನಿ ಹೆಪ್ಪುಗಟ್ಟುವಾಗ ಅದರಲ್ಲಿ ಕರಗಿದ್ದ ಅನಿಲದ ಒಂದು ಪಾಲು ಹೊರಬೀಳುತ್ತದೆ ಎಂಬುದು ಇದಕ್ಕೆ ಅವರು ಕೊಡುವ ವಿವರಣೆ.

ಈಗ ಮಿಂಚಿನ ಪಾತ್ರ. ಮಿಂಚಿನ ಶಾಖಕ್ಕೆ ಗಾಳಿಯ ಸಾರಜನಕ ಮತ್ತು ಆಮ್ಲಜನಕ ಕೂಡಿ ನೈಟ್ರೋಜನ್ ಆಕ್ಸೈಡ್ ಆಗುತ್ತದೆ. ನೆಲದ ಬಳಿ ಇದರ ಆಯುಸ್ಸು ಕೆಲವೇ ಗಂಟೆ, ಮೇಲೆ ಹಲವು ದಿನ. ಬಿಸಿಲಿನಲ್ಲಿ ಇದು ಓಜೋನ್ ಹುಟ್ಟಲು ಕಾರಣವಾಗುತ್ತದೆ. ನಮ್ಮನ್ನು ಕಾಯುವ ಓಜೋನ್ ಪದರ ಇದಕ್ಕಿಂತ ಮೇಲಿನದು. ಈ ಎತ್ತರದ ಓಜೋನ್ ಭೂಮಿಯ ಶಾಖವನ್ನು ಹಿಡಿದಿಡುವಂಥದ್ದು. ಹೆಸರೊಂದೇ ಆದ್ದರಿಂದ ಪರೀಕ್ಷೆಯಲ್ಲಿ ಗೊಂದಲ ಮಾಡಿಕೊಳ್ಳಬೇಡಿ.

ನೈಟ್ರೋಜನ್ ಆಕ್ಸೈಡಿನಿಂದ ನೈಟ್ರಿಕ್ ಆಮ್ಲವೂ ಆಗುತ್ತದೆ. ಕೆಳಗಿನಿಂದ ಬಂದ ಅಮೋನಿಯಾ ಅದನ್ನು ಕೂಡಿದರೆ ಅಮೋನಿಯಂ ನೈಟ್ರೇಟ್ ಸಿದ್ಧ. ಅದೂ ಗೊಬ್ಬರವೇ! ರೈತ ಹಣ ಕೊಟ್ಟು ಹೊಲಕ್ಕೆ ಹಾಕಿದ್ದರ ಒಂದಿಷ್ಟು ಭಾಗ ಯಾವ ಪೈರಿಗೂ ದಕ್ಕದೆ ಆಕಾಶದಲ್ಲಿ ಮತ್ತೆ ಗೊಬ್ಬರದ ಕಣವಾಗುತ್ತದೆ.

ಪ್ರತಿ ಮುಂಗಾರಿನಲ್ಲಿ ಏಷ್ಯಾದ ಮೇಲೆ 13ರಿಂದ 18 ಕಿ.ಮೀ. ಎತ್ತರದಲ್ಲಿ ಹರಡುವ ಸೂಕ್ಷ್ಮ ಕಣಗಳ ಪದರವೊಂದನ್ನು ಉಪಗ್ರಹದ ಅಳತೆಗಳಿಂದ ಗುರುತಿಸಿ 2011ರಲ್ಲಿ ಪ್ರಕಟಿಸಲಾಗಿತ್ತು. ಅದರಲ್ಲಿ ಈ ಲವಣವೂ ಇದೆ ಎಂಬುದು ಆಮೇಲೆ ತಿಳಿಯಿತು. 2022ರಲ್ಲಿ ಜಿನೀವಾದ ಸರ್ನ್ ಪ್ರಯೋಗಾಲಯದಲ್ಲಿ ಅಷ್ಟೇ ಚಳಿಯನ್ನು ಸೃಷ್ಟಿಸಿ, ಅಮೋನಿಯಾ, ನೈಟ್ರಿಕ್ ಆಮ್ಲ, ಗಂಧಕಾಮ್ಲ ಮೂರನ್ನೂ ಸೇರಿಸಿ ನೋಡಿದರು. ಯಾವ ಎರಡು ಸೇರಿದರೂ ಆಗದಷ್ಟು ವೇಗದಲ್ಲಿ ಕಣಗಳು ಹುಟ್ಟಿದವು. ಅವು ಮಂಜಿನ ಹರಳಿಗೆ ಬೀಜವಾಗಬಲ್ಲವು; ಎತ್ತರದ ತೆಳು ಮೋಡಗಳು ಕಟ್ಟುವುದು ಅಂಥ ಹರಳುಗಳಿಂದಲೇ.