ಮೊಳಕೆಯಲ್ಲಿಯೇ ಆಸರೆ

(ಕಾಸರಗೋಡಿನ ನಮ್ಮ ಶಾಲೆಯ ವಾರ್ಷಿಕೋತ್ಸವದಂದು ಪೋಷಕರ ಸಭೆಯಲ್ಲಿ ನಿವೃತ್ತ ಅಧ್ಯಾಪಕರೊಬ್ಬರು ಮಾಡಿದ ಭಾಷಣ)



ಇಂದು ಬಹುಮಾನ ಪಡೆದ ಮಕ್ಕಳನ್ನು ಕಂಡು ನಮಗೆಲ್ಲರಿಗೂ ಸಂತೋಷವಾಗಿದೆ. ಆದರೆ ನಾನು ಈಗ ಮಾತನಾಡಬೇಕೆಂದಿರುವುದು ಇನ್ನೂ ಶಾಲೆಯ ಮೆಟ್ಟಿಲನ್ನು ಹತ್ತದ ಮಕ್ಕಳನ್ನು ಕುರಿತು. ಅವರಲ್ಲಿಯೂ ಕೇಳುವುದರಲ್ಲಿ, ನೋಡುವುದರಲ್ಲಿ, ಮಾತಿನಲ್ಲಿ, ನಡಿಗೆಯಲ್ಲಿ, ಗ್ರಹಿಕೆಯಲ್ಲಿ ವಿಶೇಷ ನೆರವು ಬೇಕಾಗುವ ಮಕ್ಕಳನ್ನು ಕುರಿತು.

ಮೊದಲು ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ನಾನು ಹೊಸದಾಗಿ ಅಧ್ಯಾಪಕನಾಗಿದ್ದಾಗ ಒಂದನೆಯ ತರಗತಿಗೆ ಒಬ್ಬ ಹುಡುಗನು ಬಂದನು. ಕರೆದರೆ ಓಗೊಡುತ್ತಿರಲಿಲ್ಲ, ಪಾಠ ಹೇಳುವಾಗ ಕಿಟಕಿಯ ಹೊರಗೆ ನೋಡುತ್ತಿದ್ದನು. ಮೊಂಡನೆಂದು ತಿಳಿದು ಅವನನ್ನು ಹಿಂದಿನ ಬೆಂಚಿನಲ್ಲಿ ಕುಳ್ಳಿರಿಸಿದೆ. ಮನೆಯಲ್ಲಿ ತುಳು, ನೆರೆಯಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ; ಆದುದರಿಂದ ಮಾತು ತಡವಾಗಿದೆ ಎಂದು ಮನೆಯವರು ಹೇಳಿದರು. ನಾನೂ ತಲೆಯಾಡಿಸಿದೆ. ಎರಡು ವರ್ಷಗಳ ಮೇಲೆ ವೈದ್ಯರು ಪರೀಕ್ಷಿಸಿದಾಗ ಅವನ ಎರಡು ಕಿವಿಗಳಲ್ಲಿಯೂ ಶ್ರವಣಶಕ್ತಿ ಬಹಳ ಕಡಿಮೆಯೆಂದು ತಿಳಿಯಿತು. ನಾನು ಕರೆದದ್ದು ಅವನಿಗೆ ಕೇಳಿಸಿಯೇ ಇರಲಿಲ್ಲ! ಶ್ರವಣಯಂತ್ರ ಬಂದ ಮೇಲೆ ಅವನು ಕಲಿತನು. ಆದರೆ ಕಳೆದುಹೋದ ಆ ಎಳೆಯ ವರ್ಷಗಳನ್ನು ಅವನಿಗೆ ಪೂರ್ತಿಯಾಗಿ ಹಿಂದಿರುಗಿಸಲು ಯಾರಿಂದಲೂ ಆಗಲಿಲ್ಲ.

ನಮ್ಮ ತೋಟಗಳಲ್ಲಿ ಕಾಳುಮೆಣಸಿನ ಬಳ್ಳಿಯನ್ನು ನೆಡುವವರಿಗೆ ಒಂದು ಸಂಗತಿ ಗೊತ್ತು. ಎಳೆಯ ಬಳ್ಳಿಯನ್ನು ಆಸರೆಯ ಮರಕ್ಕೆ ಕಟ್ಟಿದರೆ ಅದರ ಗಿಣ್ಣುಗಳ ಬೇರು ತೊಗಟೆಯನ್ನು ಹಿಡಿದುಕೊಳ್ಳುತ್ತದೆ. ಕಟ್ಟದೆ ಬಿಟ್ಟರೆ ನೆಲದ ಮೇಲೆ ಹರಿದುಹೋಗುತ್ತದೆ. ಮಗುವಿನ ಮಿದುಳೂ ಹಾಗೆಯೇ. ಮೊದಲ ಕೆಲವು ವರ್ಷಗಳಲ್ಲಿ ಅದು ಅತ್ಯಂತ ವೇಗವಾಗಿ ಬೆಳೆಯುತ್ತದೆ. ಆಗ ಕಿವಿಗೆ ಬಿದ್ದ ಧ್ವನಿಯಿಂದ, ಕಣ್ಣಿಗೆ ಕಂಡ ರೂಪದಿಂದ, ಕೈಕಾಲಿನ ಚಲನೆಯಿಂದ ಅದು ತನ್ನ ಹಾದಿಗಳನ್ನು ಮಾಡಿಕೊಳ್ಳುತ್ತದೆ. ಆದುದರಿಂದಲೇ ಶಿಶುವಿನ ಶ್ರವಣವನ್ನು 1 ತಿಂಗಳೊಳಗೆ ಪರೀಕ್ಷಿಸಿ, ದೋಷವಿದ್ದರೆ 3 ತಿಂಗಳೊಳಗೆ ನಿಶ್ಚಯಿಸಿ, 6 ತಿಂಗಳೊಳಗೆ ನೆರವನ್ನು ಆರಂಭಿಸಬೇಕೆಂದು ತಜ್ಞರು ಹೇಳುತ್ತಾರೆ. ತಡವಾಗಿ ಬಂದ ನೆರವು ವ್ಯರ್ಥವೆಂದು ಇದರ ಅರ್ಥವಲ್ಲ. ಬೇಗ ಬಂದ ನೆರವಿಗೆ ಬಲ ಹೆಚ್ಚು.

ತಾಯಂದಿರು ಯಾವುದನ್ನು ಗಮನಿಸಬೇಕು? ಮಗುವು ಒಂದು ವರ್ಷವಾದರೂ ಹೆಸರು ಹಿಡಿದು ಕರೆದಾಗ ತಿರುಗದಿದ್ದರೆ, ತೊದಲದಿದ್ದರೆ. ಒಂದೂವರೆ ವರ್ಷವಾದರೂ ಒಂದು ಮಾತನ್ನೂ ಆಡದಿದ್ದರೆ, ನಡೆಯದಿದ್ದರೆ. ಎರಡು ವರ್ಷವಾದರೂ ಎರಡು ಮಾತುಗಳನ್ನು ಜೋಡಿಸಿ ಹೇಳದಿದ್ದರೆ. ಕಣ್ಣಿಗೆ ಕಣ್ಣಿಟ್ಟು ನೋಡದಿದ್ದರೆ. ಯಾವ ವಯಸ್ಸಿನಲ್ಲಾಗಲಿ, ಕಲಿತದ್ದನ್ನು ಮರೆಯತೊಡಗಿದರೆ ಒಡನೆಯೇ ತೋರಿಸಬೇಕು. ಇವು ದೋಷದ ತೀರ್ಪುಗಳಲ್ಲ, ಪರೀಕ್ಷೆಗೆ ಕಾರಣಗಳು ಮಾತ್ರ. "ಇವನ ತಂದೆಯೂ ಐದು ವರ್ಷಕ್ಕೆ ಮಾತನಾಡಿದ್ದು" ಎಂಬ ಹಿರಿಯರ ಸಮಾಧಾನ ಪ್ರೀತಿಯಿಂದ ಬಂದದ್ದೇ. ಆದರೆ ಪರೀಕ್ಷಿಸಿ ಏನೂ ಇಲ್ಲವೆಂದಾದರೆ ಒಂದು ದಿನ ಮಾತ್ರ ನಷ್ಟ. ಪರೀಕ್ಷಿಸದೆ ಕಾದರೆ ವರ್ಷಗಳೇ ನಷ್ಟ.

ಸಪ್ತಭಾಷೆಗಳ ಈ ನೆಲದಲ್ಲಿ ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಎರಡು ಮೂರು ಭಾಷೆಗಳನ್ನು ಕೇಳುತ್ತ ಬೆಳೆಯುವುದರಿಂದ ಮಾತಿನ ದೋಷ ಉಂಟಾಗುವುದಿಲ್ಲ. ಮಗುವು ಯಾವ ಭಾಷೆಯಲ್ಲಿಯೂ, ಮನೆಮಾತಿನಲ್ಲಿಯೂ ಹಿಂದುಳಿದಿದ್ದರೆ ಅದಕ್ಕೆ ಬೇರೆ ಕಾರಣವನ್ನು ಹುಡುಕಬೇಕು. ಹಾಗೆಯೇ ಇದರ ಮತ್ತೊಂದು ಮುಖವೂ ಇದೆ. ಕನ್ನಡವನ್ನೋ ತುಳುವನ್ನೋ ಮಾತ್ರ ಬಲ್ಲ ಮಗುವನ್ನು ಮಲಯಾಳದಲ್ಲಿ ಪ್ರಶ್ನಿಸಿದರೆ ಅದು ಸುಮ್ಮನಿರುತ್ತದೆ. ಆ ಮೌನವನ್ನು ಬುದ್ಧಿಮಾಂದ್ಯವೆಂದು ಬರೆದುಕೊಳ್ಳಬಾರದು. ಆದುದರಿಂದ ಪರೀಕ್ಷೆಗೆ ಹೋದಾಗ "ನಮ್ಮ ಮನೆಮಾತು ಇದು, ಈ ಭಾಷೆಯಲ್ಲಿ ಕೇಳಿ, ನಾನು ಜೊತೆಗಿದ್ದು ತಿಳಿಸುತ್ತೇನೆ" ಎಂದು ಸಂಕೋಚವಿಲ್ಲದೆ ಹೇಳಿರಿ. ಮನೆಮಾತನ್ನು ಬಿಟ್ಟುಬಿಡಿರೆಂದು ಯಾರಾದರೂ ಸಲಹೆ ಕೊಟ್ಟರೆ ಒಪ್ಪಬೇಡಿರಿ. ತಾಯಿಯ ನಾಲಗೆಗೆ ಸಹಜವಾದ ಮಾತೇ ಮಗುವಿಗೆ ಮೊದಲ ಔಷಧ.

ಹೋಗುವುದೆಲ್ಲಿಗೆ? ಮೊದಲ ಬಾಗಿಲು ನಿಮ್ಮ ಊರಿನ ಅಂಗನವಾಡಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಕ್ರಮದಂತೆ ಅಂಗನವಾಡಿಯ ಮಕ್ಕಳನ್ನು ವರ್ಷಕ್ಕೆ ಎರಡು ಸಲ ಪರೀಕ್ಷಿಸಬೇಕು. ನೆರವು ಬೇಕಾದ ಮಗುವನ್ನು ಜಿಲ್ಲಾ ಶೀಘ್ರ ನೆರವು ಕೇಂದ್ರಕ್ಕೆ ಕಳುಹಿಸುತ್ತಾರೆ. ಅಲ್ಲಿಯ ಸೇವೆ ಉಚಿತ. ಕನ್ನಡದಲ್ಲಿಯೇ ಮಾತಿನ ತರಬೇತಿ ಬೇಕಾದವರಿಗೆ 1965ರಲ್ಲಿ ಸ್ಥಾಪನೆಯಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು 21 ಬಗೆಯ ಅಂಗವಿಕಲತೆಗಳನ್ನು ಗುರುತಿಸಿದೆ. ಭೇದವೆಣಿಸದೆ ಮಕ್ಕಳನ್ನು ಶಾಲೆಗೆ ಸೇರಿಸಿಕೊಳ್ಳಬೇಕೆಂದು ಹೇಳಿದೆ. ಪ್ರಮಾಣಪತ್ರ ಕೈಗೆ ಬರಲೆಂದು ತರಬೇತಿಯನ್ನು ಮುಂದೂಡಬೇಡಿರಿ. ಕಾಗದ ಆಮೇಲೆ ಬರಲಿ; ಮಗುವಿನ ವಯಸ್ಸು ನಿಲ್ಲುವುದಿಲ್ಲ.

ತಜ್ಞರೊಡನೆ ಮಗು ಕಳೆಯುವುದು ವಾರದಲ್ಲಿ ಒಂದೆರಡು ಗಂಟೆ; ಉಳಿದದ್ದೆಲ್ಲ ನಿಮ್ಮ ಮಡಿಲಲ್ಲಿ. ಸ್ನಾನ ಮಾಡಿಸುವಾಗ, ಉಣಿಸುವಾಗ ಎದುರಿಗೆ ಕುಳಿತು ವಸ್ತುಗಳ ಹೆಸರು ಹೇಳಿರಿ. ಹೇಳಿ, ಉತ್ತರಕ್ಕಾಗಿ ತುಸು ಕಾಯಿರಿ. ಒಂದು ನೋಟವೋ ಬೆರಳಿನ ಸನ್ನೆಯೋ ಬಂದರೂ ಅದೇ ಉತ್ತರವೆಂದು ಸ್ವೀಕರಿಸಿರಿ.

ಮುಚ್ಚಿಡುವುದರಿಂದ ಯಾವ ಮಗುವಿಗೂ ಒಳಿತಾಗಿಲ್ಲ. ನಮ್ಮ ಜಿಲ್ಲೆಗೆ ಈ ನೋವು ಹೊಸದಲ್ಲ. ಗೇರುತೋಟಗಳ ಮೇಲೆ ಆಕಾಶದಿಂದ ಎಂಡೋಸಲ್ಫಾನ್ ಸಿಂಪಡಿಸುವುದು 2000ದಲ್ಲಿ ನಿಂತಿತು. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶದಲ್ಲಿಯೇ ತಡೆಯಿತು. ತಾಯಂದಿರು ನರಳುವ ಮಕ್ಕಳನ್ನು ಒಳಮನೆಯಲ್ಲಿ ಬಚ್ಚಿಡದೆ ಎತ್ತಿಕೊಂಡು ಹೊರಗೆ ಬಂದುದರಿಂದ ನಾಡು ಅವರ ಕಡೆಗೆ ತಿರುಗಿ ನೋಡಿತು. ಆ ಧೈರ್ಯ ನಮಗೆಲ್ಲರಿಗೂ ಬೇಕು.

ವಿದ್ಯಾರ್ಥಿಗಳೇ, ನಿಮಗೂ ಇದರಲ್ಲಿ ಪಾಲಿದೆ. ಮನೆಯ ಪುಟ್ಟ ತಮ್ಮ ತಂಗಿಯರೊಡನೆ ಹೆಚ್ಚು ಹೊತ್ತು ಆಡುವವರು ನೀವು. "ಅಮ್ಮಾ, ಇವನು ಹಿಂದಿನಿಂದ ಕರೆದರೆ ತಿರುಗುವುದಿಲ್ಲ" ಎಂದು ಮೊದಲು ಹೇಳಬಲ್ಲವರೂ ನೀವೇ. ನೆರೆಮನೆಯ ಮಗುವಿನ ನಡೆ ನುಡಿ ಬೇರೆಯಾಗಿದ್ದರೆ ಅಣಕಿಸದೆ ಆಟಕ್ಕೆ ಕರೆಯಿರಿ. ಆಟವೂ ಒಂದು ಚಿಕಿತ್ಸೆ.

ನಾನು ಹಿಂದಿನ ಬೆಂಚಿನಲ್ಲಿ ಕುಳ್ಳಿರಿಸಿದ ಆ ಹುಡುಗನ ಮುಖ ಇಂದಿಗೂ ನನ್ನ ಕಣ್ಣೆದುರಿಗಿದೆ. ಮುಂದಿನ ಜೂನಿನಲ್ಲಿ ಈ ಶಾಲೆಗೆ ಬರುವ ಯಾವ ಮಗುವೂ ಹಾಗೆ ಬರದಿರಲಿ. ತನಗೆ ಬೇಕಾದ ಆಸರೆಯನ್ನು ಅಷ್ಟರೊಳಗೆ ಪಡೆದು, ಮುಂದಿನ ಸಾಲಿನಲ್ಲಿ ಕೂರಲಿ ಎಂದು ಹಾರೈಸುತ್ತೇನೆ.